ಎಲ್ಲ ಗೇಮೂ ಜೂಜಲ್ಲ: ಒಂದು ಹಳೆಯ ಕಾರಿನ ಆಟದ ಪರವಾಗಿ

ಮಾನ್ಯ ಸಂಪಾದಕರಿಗೆ,

ಆನ್‌ಲೈನ್ ರಮ್ಮಿಯಲ್ಲಿ ದುಡ್ಡು ಕಳೆದುಕೊಂಡ ಕುಟುಂಬಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ವರದಿ ಚೆನ್ನಾಗಿತ್ತು, ಅಂಥದ್ದು ಬರಬೇಕಾಗಿಯೂ ಇತ್ತು. ನನ್ನ ತಕರಾರು ಅದರ ಪಕ್ಕದಲ್ಲಿ ಹಾಕಿದ್ದ ಚಿತ್ರದ ಬಗ್ಗೆ. ಹದಿನೈದು ಹದಿನಾರು ವರ್ಷದ ಹುಡುಗನೊಬ್ಬ ಎರಡೂ ಕೈಯಲ್ಲಿ ಗೇಮ್ ಕಂಟ್ರೋಲರ್ ಹಿಡಿದುಕೊಂಡು ಟಿ.ವಿ. ಮುಂದೆ ಕೂತಿದ್ದ. ರಮ್ಮಿ ಆಡುವವನಿಗೆ ಕಂಟ್ರೋಲರ್ ಬೇಕಾಗಿಲ್ಲ. ಸಿಟಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತುಕೊಂಡೇ, ಒಂದು ಹೆಬ್ಬೆರಳಿನಲ್ಲಿ ಮನೆ ಮುಳುಗಿಸಬಹುದು. ಆ ಚಿತ್ರದ ಹುಡುಗ ಏನು ಆಡುತ್ತಿದ್ದನೋ ನನಗೆ ತಿಳಿಯದು. ಆದರೆ ನಮ್ಮ ಮನೆಯಲ್ಲಿ ಹಾಗೆಯೇ ಕೂತುಕೊಳ್ಳುವ ಹುಡುಗನೊಬ್ಬ ಇದ್ದಾನೆ, ಅವನು ಏನು ಆಡುತ್ತಾನೆಂಬುದು ಚೆನ್ನಾಗಿ ಗೊತ್ತಿದೆ. ಅದನ್ನು ಹೇಳಲೆಂದೇ ಈ ಪತ್ರ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೇ ಹಣ ಕಟ್ಟಿ ಆಡುವ ಆಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ (ಗೇಮುಗಳಲ್ಲೇ ನಡೆಯುವ ಕ್ರೀಡಾ ಸ್ಪರ್ಧೆ) ಮತ್ತು ಹಣದ ಪಣವಿಲ್ಲದ ಆಟಗಳನ್ನು ಬೇರೆಯಾಗಿ ಇಟ್ಟಿದೆ. ಕಾನೂನು ಮಾಡುವವರಿಗೆ ಕಂಡ ಈ ವ್ಯತ್ಯಾಸ ನಮ್ಮ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಮಾತ್ರ ಕಾಣುವುದಿಲ್ಲ. ಅಲ್ಲಿ ಎಲ್ಲವೂ ‘ಗೇಮ್’, ಎಲ್ಲವೂ ‘ಗೀಳು’. ಬಾರಿನಲ್ಲಿ ಮಾರುವುದನ್ನೂ ಹೋಟೆಲಿನಲ್ಲಿ ಕೊಡುವ ಕಾಫಿಯನ್ನೂ ‘ಪಾನೀಯ’ ಎಂಬ ಒಂದೇ ಮಾತಿನಲ್ಲಿ ಬೈದ ಹಾಗೆ.

ನಾನು ಸರ್ಕಾರಿ ಐ.ಟಿ.ಐ.ಯಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಬೋಧಕನಾಗಿದ್ದು, ಸೇವೆಯ ಹೆಚ್ಚಿನ ವರ್ಷಗಳನ್ನು ಮಂಡ್ಯ ಜಿಲ್ಲೆಯಲ್ಲಿ ಕಳೆದು, ಈಗ ಮೈಸೂರಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವವನು. ಕಂಪ್ಯೂಟರ್ ಆಟಗಳ ಬಗ್ಗೆ ನನಗೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಪಿ.ಯು.ಸಿ. ಓದುತ್ತಿರುವ ಮೊಮ್ಮಗ, ಮಗಳ ಮಗ, ರಜಕ್ಕೆ ಬಂದಾಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದನ್ನು ನೋಡಿ, ಅದೇ ವರದಿಯ ಭಾಷೆಯಲ್ಲೇ ನಾಲ್ಕು ಮಾತು ಆಡಿದ್ದೆ. ಅವನು ತಲೆ ಎತ್ತದೆ, “ತಾತ, ಇದು ರೇಸಲ್ಲ. ಸ್ವಲ್ಪ ಇಲ್ಲಿ ಬಾ, ಈ ಕಾರ್ಬುರೇಟರ್ ಎಲ್ಲಿ ಕೂರ್ಸೋದು ಹೇಳು” ಎಂದ. ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ.

ಆಟದ ಹೆಸರು ‘ಜಲೋಪಿ’. ಇಂಗ್ಲಿಷಿನಲ್ಲಿ ಹಾಗೆಂದರೆ ಲಡಾಸು ಕಾರು. ಬ್ರಿಟನ್ನಿನ ಮಿನ್ಸ್‌ಕ್‌ವರ್ಕ್ಸ್ ಎಂಬ ಪುಟ್ಟ ಸಂಸ್ಥೆ ಮಾಡಿದ್ದು. 2016ರಲ್ಲಿ ಅರೆಬೆಂದ ರೂಪದಲ್ಲಿ, 2018ರಲ್ಲಿ ಪೂರ್ಣರೂಪದಲ್ಲಿ ಬಂತು. ಇದನ್ನು ಕಟ್ಟಿದ ಗ್ರೆಗ್ ಪ್ರಿಜ್ಮಚಕ್ ಅದಕ್ಕೆ ಮೊದಲು ದೊಡ್ಡ ಕಂಪನಿಯೊಂದರಲ್ಲಿ ಫಾರ್ಮುಲಾ ಒನ್ ರೇಸಿನ ಆಟಗಳನ್ನು ಮಾಡುತ್ತಿದ್ದವರು. ಗಂಟೆಗೆ ಮುನ್ನೂರು ಕಿ.ಮೀ. ಓಡುವ ಕಾರುಗಳನ್ನು ಬಿಟ್ಟು, ಏರಿನಲ್ಲಿ ಏದುಸಿರು ಬಿಡುವ ಕಾರಿನ ಮೇಲೆ ಅವರಿಗೆ ಮನಸ್ಸಾಯಿತು ಎಂಬುದೇ ನನಗೆ ಇಷ್ಟವಾದ ಸಂಗತಿ. ಕಾಲ 1990, ಬರ್ಲಿನ್ ಗೋಡೆ ಬಿದ್ದು ಇನ್ನೂ ವರ್ಷ ತುಂಬದ ಹೊತ್ತು. ಬರ್ಲಿನ್ನಿನ ಒಂದು ಶೆಡ್ಡಿನಲ್ಲಿ ‘ಲೈಕಾ 601’ ಎಂಬ ಹಳೆಯ ಕಾರು ಬಿಡಿಭಾಗಗಳಾಗಿ ಬಿದ್ದಿರುತ್ತದೆ. ಲುಟ್ಫಿ ಎಂಬ ವಯಸ್ಸಾದ ಸಂಬಂಧಿಕ ಒಂದೊಂದೇ ಹೇಳುತ್ತಾ ಹೋಗುತ್ತಾನೆ. ನಾವು ಎಂಜಿನ್ ಕೂರಿಸಿ, ಬಾಗಿಲು ಸಿಕ್ಕಿಸಿ, ಚಕ್ರ ಹಾಕಿ, ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಟರ್ಕಿಯ ಕಡೆಗೆ ಹೊರಡಬೇಕು. ದಾರಿಯಲ್ಲಿ ಜೆಕೊಸ್ಲೊವಾಕಿಯಾ, ಹಂಗೆರಿ, ಯುಗೊಸ್ಲಾವಿಯಾ, ಬಲ್ಗೇರಿಯಾ. ಇವುಗಳಲ್ಲಿ ಎರಡು ದೇಶಗಳು ಇವತ್ತಿನ ಭೂಪಟದಲ್ಲಿ ಇಲ್ಲ. ಮೊಮ್ಮಗನಿಗೆ ಅದು ಗೊತ್ತಿರಲಿಲ್ಲ, ಹುಡುಕಿ ಓದಿಕೊಂಡ. ನಾನು ಹೇಳಿದ್ದರೆ ಓದುತ್ತಿದ್ದನೇ ಎಂಬುದು ಬೇರೆ ಮಾತು.

ಲೈಕಾ ಎಂಬುದು 1957ರಲ್ಲಿ ರಷ್ಯನ್ನರು ಬಾಹ್ಯಾಕಾಶಕ್ಕೆ ಕಳಿಸಿದ ನಾಯಿಯ ಹೆಸರು. ಕಾರಿಗೆ ಆ ಹೆಸರು ಏಕಿರಬಹುದೆಂದರೆ, ಅದು ನಿಜವಾಗಿ ಪೂರ್ವ ಜರ್ಮನಿಯ ‘ಟ್ರಾಬಾಂಟ್ 601’ರ ನಕಲು, ಮತ್ತು ಟ್ರಾಬಾಂಟ್ ಎಂದರೆ ಉಪಗ್ರಹ, ಸಂಗಡಿಗ ಎಂದರ್ಥ. ಟ್ರಾಬಾಂಟ್ ಹೆಸರಿನ ಕಾರು ಅದೇ 1957ರಿಂದ ತ್ಸ್ವಿಕಾವ್ ಎಂಬ ಊರಿನಲ್ಲಿ ತಯಾರಾಗುತ್ತಿತ್ತು. 1991ರ ವೇಳೆಗೆ ಮೂವತ್ತು ಲಕ್ಷದಷ್ಟು ಹೊರಬಂದವು. ಮೈಗೆ ಉಕ್ಕು ಸಾಲದೆ, ಹತ್ತಿಯ ಉಳಿಕೆ ನಾರನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹಾಳೆ. ಎರಡು ಸಿಲಿಂಡರಿನ, ಸುಮಾರು 600 ಸಿ.ಸಿ.ಯ, 26 ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲ್ ಪಂಪೂ ಇಲ್ಲ: ಟ್ಯಾಂಕ್ ಮೇಲಿದೆ, ಎಂಜಿನ್ ಕೆಳಗಿದೆ, ಪೆಟ್ರೋಲ್ ತಾನಾಗಿ ಇಳಿಯುತ್ತದೆ. ಎಷ್ಟು ಉಳಿದಿದೆ ಎಂದು ನೋಡಲು ಕಡ್ಡಿ ಅದ್ದಬೇಕು. ಇಂಥ ಕಾರಿಗೆ ಅಲ್ಲಿನ ಜನ ಹತ್ತು ಹನ್ನೆರಡು ವರ್ಷ ಕಾದಿದ್ದುಂಟು. ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾದ ನಮ್ಮ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೂ ಸ್ಟ್ರೋಕ್ ಎಂದ ಮೇಲೆ ಮೈಸೂರಿನವನು ಸುಮ್ಮನಿರುವುದು ಕಷ್ಟ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚುವವರೆಗೆ ಈ ಊರಿನ ಎಷ್ಟೋ ಮನೆಗಳ ಒಲೆ ಉರಿಸಿತು. ನನ್ನ ಸೋದರಮಾವ ಅಲ್ಲಿ ಜೋಡಣೆ ವಿಭಾಗದಲ್ಲಿದ್ದರು. ಜಾವಾ ಬೈಕಿನ ತವರು ಜೆಕೊಸ್ಲೊವಾಕಿಯಾ. 1973ರ ಹೊತ್ತಿಗೆ ಇಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು. ಆಟದ ಕಾರು ಜೆಕ್ ಗಡಿಯ ಠಾಣೆ ದಾಟುವಾಗ ಮೊಮ್ಮಗ ಡಿಕ್ಕಿಯಲ್ಲಿ ಬಚ್ಚಿಟ್ಟ ಸಿಗರೇಟಿನ ಪೆಟ್ಟಿಗೆಗಳ ಚಿಂತೆಯಲ್ಲಿದ್ದ (ಕಳ್ಳಸಾಗಣೆಯೂ ಆಟದ ಒಂದು ಭಾಗ, ಅದನ್ನು ಮುಚ್ಚಿಡುವುದಿಲ್ಲ), ನನಗೆ ಮಾತ್ರ ಮಾವನ ಖಾಕಿ ಅಂಗಿಯ ಎಣ್ಣೆ ವಾಸನೆ ಬಂದಂತಾಯಿತು.

ಆ ಆಟದಲ್ಲಿ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡರೆ ಸಾಲದು, ಎಣ್ಣೆಯನ್ನೂ ಕೊಂಡು ಹದವಾಗಿ ಬೆರೆಸಬೇಕು. ಹದ ತಪ್ಪಿದರೆ ಕಾರು ಮುನಿಸಿಕೊಳ್ಳುತ್ತದೆ. ಇವತ್ತಿನ ಹುಡುಗರಿಗೆ ಇದು ಆಟದವರು ಹೂಡಿದ ತೊಡಕಿನ ಹಾಗೆ ಕಾಣಬಹುದು. ಅದು ತೊಡಕಲ್ಲ, ಆ ಎಂಜಿನ್ನಿನ ಹುಟ್ಟುಗುಣ. ಈಗಿನ ಕಾರಿನಲ್ಲಿ ಕೆಳಗೊಂದು ಎಣ್ಣೆಯ ತೊಟ್ಟಿ ಇರುತ್ತದೆ, ಅಲ್ಲಿಂದ ಎಣ್ಣೆ ಬೇರಿಂಗಿಗೂ ಪಿಸ್ಟನ್ನಿಗೂ ಹೋಗುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸಿಲಿಂಡರಿಗೆ ಹೋಗುವ ಮುಂಚೆ ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನು ತಿರುಗುವಿಕೆಯಾಗಿಸುವ ದಂಡ) ಇರುವ ಕೋಣೆಯೊಳಗಿಂದಲೇ ಹಾದುಹೋಗುವುದರಿಂದ ಅಲ್ಲಿ ಎಣ್ಣೆ ನಿಲ್ಲಿಸುವಂತಿಲ್ಲ. ಪೆಟ್ರೋಲಿನ ಜೊತೆಗೇ ಬಂದ ಎಣ್ಣೆ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಸವರಿಕೊಂಡು ಹೋಗಿ ಕೊನೆಗೆ ತಾನೂ ಸುಟ್ಟು ಹೊಗೆಯಾಗುತ್ತದೆ. ನಮ್ಮ ಹಳೆಯ ಬೈಕುಗಳಿಗೆ ಲೀಟರಿಗೆ ಮೂವತ್ತರಿಂದ ನಲವತ್ತು ಎಂ.ಎಲ್. ಹೆಚ್ಚಾದರೆ ಪ್ಲಗ್ ಕಪ್ಪಗಾಗಿ ಕಿಡಿ ಬಿಡುವುದಿಲ್ಲ. ಕಮ್ಮಿಯಾದರೆ ಏನಾಗುತ್ತದೆಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ಕಾಲೇಜಿನಲ್ಲಿದ್ದಾಗ ಒಮ್ಮೆ ಮಾವನ ಯೆಜ್ಡಿಯನ್ನು ಕೇಳಿ ಪಡೆದುಕೊಂಡು ಮಂಡ್ಯದ ದೊಡ್ಡಮ್ಮನ ಮನೆಗೆ ಹೊರಟಿದ್ದೆ. ಬಂಕಿನಲ್ಲಿ ಟೂಟಿ ಎಣ್ಣೆಯ (ಟೂ ಸ್ಟ್ರೋಕಿಗೆ ಬೆರೆಸುವ ಎಣ್ಣೆ) ಡಬ್ಬ ತಿರುಗಿಸುವ ಹುಡುಗ ಇರಲಿಲ್ಲ. ಅವನಿಗಾಗಿ ಕಾಯುವ ತಾಳ್ಮೆ ನನಗಿರಲಿಲ್ಲ. ಬರೀ ಪೆಟ್ರೋಲ್ ಹಾಕಿಸಿಕೊಂಡು ಹೊರಟೆ. ಶ್ರೀರಂಗಪಟ್ಟಣ ದಾಟಿ ಬಾಬುರಾಯನಕೊಪ್ಪಲಿನ ಹತ್ತಿರ ಬರುವಷ್ಟರಲ್ಲಿ ಎಂಜಿನ್ನಿನ ದನಿ ತೆಳ್ಳಗಾಯಿತು, ಮರುಕ್ಷಣ ಹಿಂದಿನ ಚಕ್ರ ಕಚ್ಚಿಕೊಂಡು ರಸ್ತೆಯ ಮೇಲೆ ಎಳೆದುಕೊಂಡು ಹೋಯಿತು. ಬೀಳಲಿಲ್ಲ ಎನ್ನುವುದು ಪುಣ್ಯ. ಕಿಕ್ಕರಿನ ಮೇಲೆ ನಿಂತರೂ ಅಲುಗಲಿಲ್ಲ. ಅಂಗಡಿಯೊಂದರಿಂದ ಕಾರ್ಖಾನೆಗೆ ಫೋನ್ ಮಾಡಿಸಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ಮೂರು ಗಂಟೆ ಕೂತೆ. ಪಾಳಿ ಮುಗಿಸಿಕೊಂಡು ಮಾವ ಬಸ್ಸಿನಲ್ಲಿ ಬಂದಿಳಿದರು. ಕೈಯಲ್ಲಿ ಒಂದು ಪ್ಲಗ್ ಸ್ಪ್ಯಾನರ್, ಹಾರ್ಲಿಕ್ಸ್ ಬಾಟಲಿಯಲ್ಲಿ ಎಣ್ಣೆ. “ಎಣ್ಣೆ ಹಾಕ್ಸಿದ್ಯೇನೋ?” ಎಂದು ಕೇಳಿದರು, ಉತ್ತರಕ್ಕೆ ಕಾಯಲಿಲ್ಲ. ಪ್ಲಗ್ ಬಿಚ್ಚಿ, ಆ ತೂತಿನಿಂದ ನಾಲ್ಕು ಚಮಚದಷ್ಟು ಎಣ್ಣೆ ಬಿಟ್ಟು, ಗಾಡಿಯನ್ನು ಗೇರಿಗೆ ಹಾಕಿ, ಹಿಂದಕ್ಕೂ ಮುಂದಕ್ಕೂ ತೊಟ್ಟಿಲು ತೂಗಿದ ಹಾಗೆ ತೂಗಿದರು. ಬಹಳ ಹೊತ್ತಿನ ಮೇಲೆ ‘ಕ್ಳಕ್’ ಎಂದು ಪಿಸ್ಟನ್ ಬಿಟ್ಟುಕೊಂಡಿತು. ವಾಪಸು ಬರುವಾಗ ಹಿಂದೆ ಕೂತ ನನಗೆ ಅವರು ತಮ್ಮ ತಂದೆ ಕನ್ನಂಬಾಡಿಯ ಕಾಲುವೆ ಕೆಲಸದಲ್ಲಿ ದುಡಿದ ಕಥೆ ಹೇಳಿದರು. ಅದಕ್ಕೆ ಮುಂಚೆ ಅವರು ಅದನ್ನು ನನಗೆ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಎದುರುಬದುರು ಕೂತಾಗ ಬಾಯಿಗೆ ಬಾರದ ಮಾತು ಗಾಡಿಯ ಮೇಲೆ, ಇಬ್ಬರ ಕಣ್ಣೂ ರಸ್ತೆಯ ಮೇಲಿರುವಾಗ ಬರುತ್ತದೆ.

ಈ ಆಟ ಹಿಡಿದಿರುವುದು ಇದನ್ನೇ. ಲುಟ್ಫಿ ಸಂಸಾರದ ಹಳೆಯ ಸಂಗತಿಗಳನ್ನು ಒಮ್ಮೆಲೇ ಹೇಳುವುದಿಲ್ಲ. ಇಷ್ಟು ದೂರ ಹೋದ ಮೇಲೆ ಇಷ್ಟು, ಮತ್ತಷ್ಟು ದೂರ ಹೋದ ಮೇಲೆ ಮತ್ತಷ್ಟು. ಅವನ ಮಾತು ಮುಂದುವರಿಯಬೇಕಾದರೆ ಕಾರು ಮುಂದುವರಿಯಬೇಕು. ಕಾರು ಮುಂದುವರಿಯಬೇಕಾದರೆ ಪಂಕ್ಚರ್ ಹಾಕಬೇಕು, ಏರ್ ಫಿಲ್ಟರ್ ನೋಡಬೇಕು, ಬ್ಯಾಟರಿ, ಇಗ್ನಿಷನ್ ಕಾಯಿಲ್ ಸವೆದಿದ್ದರೆ ಬದಲಾಯಿಸಬೇಕು, ದುಡ್ಡು ಸಾಲದಿದ್ದರೆ ರಸ್ತೆ ಬದಿಯಲ್ಲಿ ಬಿದ್ದ ಪೆಟ್ಟಿಗೆ ಆಯ್ದು ಮುಂದಿನ ಊರಿನಲ್ಲಿ ಮಾರಬೇಕು. ರಾತ್ರಿಗೊಂದು ಅಗ್ಗದ ವಸತಿಗೃಹ. ಬೆಳಿಗ್ಗೆ ಭೂಪಟ ನೋಡಿ, ಹತ್ತಿರದ ಕೆಟ್ಟ ರಸ್ತೆಯೋ ಸುತ್ತಿನ ಒಳ್ಳೆಯ ರಸ್ತೆಯೋ ಎಂದು ತೀರ್ಮಾನಿಸಬೇಕು. ಕಥೆ ಒಂದು ಕಡೆ, ರಿಪೇರಿ ಒಂದು ಕಡೆ ಎಂದು ಇಟ್ಟಿದ್ದರೆ ನಾನು ಎರಡನೆಯ ದಿನ ಎದ್ದು ಹೋಗುತ್ತಿದ್ದೆ. ಇಲ್ಲಿ ರಿಪೇರಿಯೇ ಕಥೆ ಹೇಳಿಸುತ್ತದೆ.

ಬೋಧಕನಾಗಿದ್ದವನ ಚಾಳಿ, ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಯಾವ ಭಾಗ ಎಷ್ಟು ಸವೆದಿದೆ ಎಂದು ಆಟವೇ ತೋರಿಸಿಬಿಡುತ್ತದೆ. ಮೆಕ್ಯಾನಿಕ್ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯೆ ಇರುವುದೇ ಅದನ್ನು ಕಿವಿಯಿಂದ, ಮೂಗಿನಿಂದ, ಬೆರಳಿನಿಂದ ಕಂಡುಹಿಡಿಯುವುದರಲ್ಲಿ. ರಿಪೇರಿ ಪೆಟ್ಟಿಗೆಯೊಂದನ್ನು ಮುಟ್ಟಿಸಿದರೆ ಸವೆದ ಭಾಗ ನೆಟ್ಟಗಾಗುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಚಿಮ್ಮುವ ಸಣ್ಣ ತೂತಿನಲ್ಲಿ, ಜೆಟ್ಟಿನಲ್ಲಿ, ಸಿಕ್ಕಿಕೊಂಡ ಕಸ ಹಾಗೆಲ್ಲ ಹೋಗುವುದಿಲ್ಲ, ಬಾಯಿ ಇಟ್ಟು ಊದಬೇಕು, ಪೆಟ್ರೋಲಿನ ರುಚಿ ಸಂಜೆಯವರೆಗೂ ಇರುತ್ತದೆ. ಇಳಿಜಾರಿನ ವಿಚಾರವೂ ಅಷ್ಟೆ. ಟೂ ಸ್ಟ್ರೋಕ್ ಗಾಡಿಯನ್ನು ಗೇರಿನಲ್ಲಿಟ್ಟು ಆಕ್ಸಿಲೇಟರ್ ಪೂರ್ತಿ ಬಿಟ್ಟು ಉದ್ದಕ್ಕೆ ಇಳಿಸಿದರೆ ಪೆಟ್ರೋಲೂ ಸಾಕಷ್ಟು ಹೋಗುವುದಿಲ್ಲ, ಅದರ ಜೊತೆಯ ಎಣ್ಣೆಯೂ ಸಾಕಷ್ಟು ಹೋಗುವುದಿಲ್ಲ, ಎಂಜಿನ್ ಮಾತ್ರ ತಿರುಗುತ್ತಿರುತ್ತದೆ. ಟ್ರಾಬಾಂಟಿನವರು ಅದಕ್ಕೆಂದೇ ಕೊನೆಯ ಗೇರಿನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಕೊಂಡಿ ತಪ್ಪುವ ಏರ್ಪಾಡು ಮಾಡಿದ್ದರು, ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ನಮ್ಮ ಮಾವ ಚಾಮುಂಡಿ ಬೆಟ್ಟ ಇಳಿಯುವಾಗ ನಾಲ್ಕು ತಿರುವಿಗೊಮ್ಮೆ ಆಕ್ಸಿಲೇಟರನ್ನು ‘ಝೂಂ’ ಎನಿಸಿ ಬಿಡುತ್ತಿದ್ದುದು ಷೋಕಿಗೆ ಎಂದು ಹಿಂದೆ ಕೂತ ಅತ್ತೆ ಕೊನೆಯವರೆಗೂ ತಿಳಿದಿದ್ದರು.

ಆದರೂ ಒಂದು ಸಂಗತಿಯನ್ನು ದಾಖಲಿಸಬೇಕು. ಮೊಮ್ಮಗನಿಗೆ ನಾನು ಎರಡು ವರ್ಷದಿಂದ ನಮ್ಮ ಮನೆಯ ಕಾರಿನ ಬಾನೆಟ್ ತೆಗೆದು ತೋರಿಸಲು ನೋಡಿ ಸೋತಿದ್ದೆ. ಕಳೆದ ತಿಂಗಳು ಬೆಂಗಳೂರಿಗೆ ಹೊರಡುವ ಹಿಂದಿನ ಸಂಜೆ ಅವನೇ ಬಂದು, “ತಾತ, ಸ್ಟೆಪ್ನಿಗೆ ಗಾಳಿ ಇದ್ಯಾ?” ಎಂದ. ಇರಲಿಲ್ಲ. ಮೆಕ್ಯಾನಿಕ್ ಬೋಧಕನ ಮನೆಯ ಸ್ಟೆಪ್ನಿ! ಮುಂದಿನ ಎಡಗಡೆಯ ಟೈರನ್ನು ಅವನು ಬೆರಳಿನಿಂದ ಸವರಿ, ಗೀರುಗಳ ನಡುವೆ ಅಡ್ಡಕ್ಕೆ ಉಬ್ಬಿದಂತಿದ್ದ ರಬ್ಬರಿನ ಗೆರೆಯನ್ನು ತೋರಿಸಿ ಅದೇನೆಂದು ಕೇಳಿದ. ಟೈರಿನ ಗೀರಿನ ಆಳ 1.6 ಮಿ.ಮೀ.ಗೆ ಇಳಿದಾಗ ಮಟ್ಟಸವಾಗಿ ಕಾಣಿಸಲೆಂದೇ ಇಟ್ಟ ಗುರುತು ಅದು. ನಮ್ಮದು ಅದಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಹಳೆಯ ರಸ್ತೆಯಲ್ಲಿ ಮಂಡ್ಯದಲ್ಲೊಂದು, ಮದ್ದೂರಿನಲ್ಲೊಂದು ಎಂದು ನಿಲ್ಲಿಸಿಕೊಂಡು ಹೋಗುತ್ತಿದ್ದಾಗ ವಡೆ ತಿನ್ನುವ ನೆಪದಲ್ಲಿ ಟೈರೂ ತಣ್ಣಗಾಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ.ನ ದಶಪಥ ಹೆದ್ದಾರಿಯಲ್ಲಿ ಅಂಥ ವಿರಾಮವಿಲ್ಲ. ಒಂದೇ ಉಸಿರಿಗೆ ಓಡಿಸುತ್ತಾರೆ, ಸವೆದ ಟೈರು, ಕಮ್ಮಿ ಗಾಳಿ, ಬಿಸಿಲು ಮೂರೂ ಸೇರಿದರೆ ಏನಾಗುತ್ತದೆಂಬುದು ತಮ್ಮ ಪತ್ರಿಕೆಯಲ್ಲೇ ಬರುತ್ತಿರುತ್ತದೆ. (ಮಾವನ ಯೆಜ್ಡಿಗೆ ಅಲ್ಲೀಗ ಪ್ರವೇಶವಿಲ್ಲ. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋಗಳೆಲ್ಲ ಸರ್ವೀಸ್ ರಸ್ತೆಗೇ ಮೀಸಲು.) ಟೈರು ಬದಲಾಯಿಸಿ ಒಂದು ದಿನ ತಡವಾಗಿ ಹೊರಟೆವು. ಇದು ಆಟದಿಂದಲೇ ಆಯಿತು ಎಂದು ವಾದಿಸುವುದಿಲ್ಲ. ನನ್ನ ಎರಡು ವರ್ಷದ ಉಪದೇಶದಿಂದ ಆಗಿರಲಿಲ್ಲ ಎಂಬುದಂತೂ ಖಂಡಿತ.

ಇಂಥವು ಇನ್ನೂ ಇವೆಯಂತೆ. 1995ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಊರಿನಲ್ಲಿಲ್ಲದಾಗ ಹುಡುಗನೊಬ್ಬ ಶೆಡ್ಡಿನಲ್ಲಿ ಬಿದ್ದ ಕಾರನ್ನು ಬೋಲ್ಟ್ ಬೋಲ್ಟಾಗಿ ಕಟ್ಟುವ ಫಿನ್ಲೆಂಡಿನ ‘ಮೈ ಸಮ್ಮರ್ ಕಾರ್’ ಎಂಬುದನ್ನು ಮೊಮ್ಮಗ ತೋರಿಸಿದ. ಅದರಲ್ಲಿ ಕುಡಿತ, ಬೈಗುಳ ಜಾಸ್ತಿ, ಮಕ್ಕಳಿಗೆ ಕೊಡುವಂಥದ್ದಲ್ಲ. ನನಗೆ ಹೆಚ್ಚು ಹಿಡಿಸಿದ್ದು ಕಾರಿಲ್ಲದ ಇನ್ನೊಂದು ಆಟ, 2023ರ ‘ವೆಣ್ಬಾ’. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ದಂಪತಿ ಮತ್ತು ಅವರ ಮಗನ ಕಥೆ ಅದು. ತಾಯಿಯ ಹರಿದು ಮಾಸಿದ ಅಡುಗೆ ಪುಸ್ತಕದಲ್ಲಿ ಅಳಿಸಿಹೋದ ಸಾಲುಗಳನ್ನು ಊಹಿಸಿಕೊಂಡು ಇಡ್ಲಿ, ಬಿರಿಯಾನಿ ಮಾಡುತ್ತಾ ಹೋಗಬೇಕು. 2024ರಲ್ಲಿ, ಸಿನಿಮಾಕ್ಕೂ ಗೇಮಿಗೂ ಪ್ರಶಸ್ತಿ ಕೊಡುವ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯವರು ಅದಕ್ಕೆ ಚೊಚ್ಚಲ ಕೃತಿಯ ಪ್ರಶಸ್ತಿ ಕೊಟ್ಟರು. ಪರದೆಯ ಮೇಲೆ ತಮಿಳು ಅಕ್ಷರ ಕಂಡಾಗ ಮೆಚ್ಚುಗೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕರ್ನಾಟಕ ಈ ಕ್ಷೇತ್ರಕ್ಕೆ ಹೊಸದೇನಲ್ಲ. ಅನಿಮೇಷನ್ ಮತ್ತು ಗೇಮಿಂಗಿಗೆಂದು ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ರೂಪಿಸಿದ ರಾಜ್ಯ ಇದು. 2024ರಿಂದ 2029ರವರೆಗಿನ ಹೊಸ ನೀತಿಯೂ ಜಾರಿಯಲ್ಲಿದೆ. ಬಂಡವಾಳ, ಉದ್ಯೋಗ, ರಫ್ತಿನ ಮಾತು ಅದರ ಸುದ್ದಿಗಳಲ್ಲಿ ಬೇಕಾದಷ್ಟು ಬರುತ್ತದೆ. ಮಾಡಿದ ಆಟ ಕನ್ನಡದಲ್ಲಿ ಇರುತ್ತದೆಯೇ, ಅದನ್ನು ಕನ್ನಡದಲ್ಲಿ ಓದಿ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವವರು ಯಾರು ಎಂಬ ಮಾತು ಬರುವುದಿಲ್ಲ. ತಾವು ಭಾನುವಾರದ ಪುರವಣಿಯಲ್ಲಿ ಪುಸ್ತಕಕ್ಕೆ ಒಂದು ಪುಟ, ಶುಕ್ರವಾರ ಸಿನಿಮಾಕ್ಕೆ ಎರಡು ಪುಟ ಕೊಡುತ್ತೀರಿ. ನಾಲ್ಕು ಹಾಡು, ಎರಡು ಹೊಡೆದಾಟದ ಸಿನಿಮಾಕ್ಕೂ ಛಾಯಾಗ್ರಹಣ ಹೇಗಿದೆ, ಸಂಕಲನ ಹೇಗಿದೆ ಎಂದು ಬರೆಸುತ್ತೀರಿ. ಹದಿನೈದು ಗಂಟೆ ಕೂತು ಆಡಬೇಕಾದ, ಕಥೆ, ಸಂಭಾಷಣೆ, ಸಂಗೀತ ಎಲ್ಲವೂ ಇರುವ ಒಂದು ಕೃತಿ ತಮ್ಮಲ್ಲಿ ಕಾಣಿಸಿಕೊಳ್ಳುವುದು ಅಪರಾಧ ಸುದ್ದಿಯ ಪುಟದಲ್ಲಿ ಮಾತ್ರ. ಹದಿನೈದು ದಿನಕ್ಕೊಮ್ಮೆ ಅರ್ಧ ಕಾಲಂ ಸಾಕು. ಯಾವ ವಯಸ್ಸಿನವರಿಗೆ ಸರಿ, ಆಡುತ್ತಾ ಹೋದಂತೆ ಮತ್ತೆ ಮತ್ತೆ ದುಡ್ಡು ಕೇಳುತ್ತದೆಯೇ, ಎಷ್ಟು ಹೊತ್ತು ಬೇಡುತ್ತದೆ ಎಂಬುದನ್ನು ಬಲ್ಲವರಿಂದ ಬರೆಸಿದರೆ, ನನ್ನಂಥ ಹಿರಿಯರು ಹುಡುಗರ ಬೆನ್ನ ಹಿಂದೆ ನಿಂತು ಗದರುವ ಮುಂಚೆ ನೋಡಿಕೊಳ್ಳಲು ಏನಾದರೂ ಸಿಗುತ್ತದೆ. ರಮ್ಮಿಯ ವರದಿಗೆ ಇಸ್ಪೀಟಿನ ಚಿತ್ರವನ್ನೇ ಹಾಕಿಸುವುದು ಅದಕ್ಕಿಂತ ಸುಲಭ, ನಾಳೆಯಿಂದಲೇ ಆಗಬಹುದು.

ರಜೆ ಮುಗಿಯುವ ಮುನ್ನ ನಾವಿಬ್ಬರೂ ಒಂದು ಪ್ರಯತ್ನ ಮಾಡಿದೆವು. ಲುಟ್ಫಿಯ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸತೊಡಗಿದೆವು. ಮೊದಲನೆಯ ಸಾಲಿನಲ್ಲೇ ನಿಂತೆವು. ಇಂಗ್ಲಿಷಿನಲ್ಲಿ ಅವನು ‘ಅಂಕಲ್’. ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ. ಒಬ್ಬೊಬ್ಬರ ಜೊತೆ ಆಡುವ ಮಾತೇ ಬೇರೆ, ಕೂರುವ ರೀತಿಯೇ ಬೇರೆ. ಚಿಕ್ಕಪ್ಪ ಎಂದರೆ ನೀನು ತಾನು ಎನ್ನುವ ಸಲಿಗೆ ಬರುತ್ತದೆ, ದೊಡ್ಡಪ್ಪ ಎಂದರೆ ಕಾರಿನಲ್ಲಿ ರೇಡಿಯೋ ಹಾಕಲು ಹಿಂಜರಿಯಬೇಕಾಗುತ್ತದೆ. ಮೊಮ್ಮಗ ‘ಅಂಕಲ್ ಅಂತಲೇ ಇರಲಿ’ ಎಂದ. ನಾನು ಒಪ್ಪಲಿಲ್ಲ, ಬೀದಿಯಲ್ಲಿ ಸಿಕ್ಕವರೆಲ್ಲ ಈಗ ಅಂಕಲ್ಲೇ. ಮಾತಿಗೆ ಮುಂಚೆ ಎಣ್ಣೆಯ ಹದ ವಿಚಾರಿಸುವವನು, ಬೈಯದೆ ರಿಪೇರಿ ಹೇಳಿಕೊಡುವವನು ಎಂಬ ಆಧಾರದ ಮೇಲೆ ಸದ್ಯಕ್ಕೆ ‘ಮಾವ’ ಎಂದು ಬರೆದುಕೊಂಡಿದ್ದೇವೆ. ಈ ಆಟವನ್ನು ಕೊನೆಯವರೆಗೂ ಆಡಿದ ಓದುಗರು ಯಾರಾದರೂ ಇದ್ದು, ಅದು ತಪ್ಪೆನಿಸಿದರೆ ತಮ್ಮ ಇದೇ ಅಂಕಣದ ಮೂಲಕ ತಿದ್ದಬೇಕಾಗಿ ಕೋರುತ್ತೇನೆ.

ಇಂತಿ,
ನಿವೃತ್ತ ಐ.ಟಿ.ಐ. ಬೋಧಕ
ಕುವೆಂಪುನಗರ, ಮೈಸೂರು